ಲಕೋಟೆಯಲ್ಲಿ ಬಂದ ನೆರಳುಗಳು

ಹರಿಹರದಿಂದ ತುಂಗಭದ್ರಾ ಸೇತುವೆ ದಾಟಿ ಕುಮಾರಪಟ್ಟಣದ ಕಡೆ ಬರುವ ಬಸ್ಸಿನಲ್ಲಿ ಸಂಜೆ ಹೊತ್ತು ಒಂದು ನೋಟ ಆಗಾಗ ಕಣ್ಣಿಗೆ ಬೀಳುತ್ತದೆ. ಯಾರಾದರೊಬ್ಬರ ತೊಡೆಯ ಮೇಲೆ ದೊಡ್ಡದೊಂದು ಲಕೋಟೆ. ಮಡಚುವಂತಿಲ್ಲ, ಚೀಲದಲ್ಲಿ ಹಿಡಿಸುವುದಿಲ್ಲ. ದಾವಣಗೆರೆಯ ಯಾವುದೋ ಆಸ್ಪತ್ರೆಯಲ್ಲೋ, ಸ್ಕ್ಯಾನಿಂಗ್ ಕೇಂದ್ರದಲ್ಲೋ ದಿನವಿಡೀ ಕಾದು ಪಡೆದದ್ದು ಅದು. "ನಾಳೆ ತೋರಿಸಿ" ಎಂದು ಡಾಕ್ಟರು ಹೇಳಿದ್ದಾರೆ. ಆದರೆ ನಾಳೆಯವರೆಗೆ ತಡೆಯುವ ಮನಸ್ಸು ಯಾರಿಗಿದೆ? ಪಕ್ಕದಲ್ಲಿ ಕುಳಿತ, ಪಿಯುಸಿ ಓದುವ ಮಗನ ಕೈಗೆ ತಂದೆ ಲಕೋಟೆ ಕೊಡುತ್ತಾರೆ.

"ಏನ್ ಬರದಾರ ನೋಡಪಾ, ಓದಿ ಹೇಳು."

ಮಗ ಓದುತ್ತಾನೆ. ಇಂಗ್ಲಿಷ್ ಅಕ್ಷರ ಬರುತ್ತದೆ, ಅರ್ಥ ಬರುವುದಿಲ್ಲ. 'ಡೀಜನರೇಟಿವ್ ಚೇಂಜಸ್', 'ಡಿಸ್ಕ್ ಬಲ್ಜ್' ಎಂಬ ಮಾತುಗಳಿವೆ. ಮೊಬೈಲಿನಲ್ಲಿ ಹುಡುಕಿದರೆ 'ಅವನತಿ', 'ಕ್ಷೀಣಿಸುವಿಕೆ' ಎಂಬ ಅರ್ಥ ಸಿಗುತ್ತದೆ. "ಅಪ್ಪಾ, ಬೆನ್ನೆಲುಬು ಸವದೈತಿ ಅಂತ ಬರದಾರ" ಎನ್ನುತ್ತಾನೆ. ತಂದೆಯ ಮುಖ ಬಾಡುತ್ತದೆ. ಟೊಂಕ ನೋವೆಂದು ಆಸ್ಪತ್ರೆಗೆ ಹೋದವರು, ಇನ್ನು ದುಡಿಯಲಾಗದು ಎಂಬ ಚಿಂತೆ ಹೊತ್ತು ಮನೆಗೆ ಬರುತ್ತಾರೆ.

ನಮ್ಮ ಅನೇಕ ಮನೆಗಳಲ್ಲಿ ಆಸ್ಪತ್ರೆಯ ವರದಿಯನ್ನು ಮೊದಲು ಓದುವವರು ವೈದ್ಯರಲ್ಲ, ಶಾಲೆ-ಕಾಲೇಜಿಗೆ ಹೋಗುವ ಮಕ್ಕಳು. ಆದ್ದರಿಂದ ಎಕ್ಸ್-ರೇ, ಸ್ಕ್ಯಾನಿಂಗ್, ಸಿ.ಟಿ., ಎಂ.ಆರ್.ಐ. ಎಂದರೇನು, ಅವು ಏನನ್ನು ಹೇಳಬಲ್ಲವು, ಏನನ್ನು ಹೇಳಲಾರವು ಎಂಬುದನ್ನು ಮಕ್ಕಳೂ ಪಾಲಕರೂ ಕೂಡಿಯೇ ತಿಳಿದುಕೊಳ್ಳುವುದು ಒಳ್ಳೆಯದು. ಮೊದಲೇ ಒಂದು ಮಾತು ಹೇಳಬೇಕು. ಇಂಥ ಪ್ರತಿಯೊಂದು ಪರೀಕ್ಷೆಯೂ ವೈದ್ಯರು ಕೇಳಿದ ಒಂದು ಪ್ರಶ್ನೆಗೆ ಯಂತ್ರ ಕೊಡುವ ಉತ್ತರ. ಪ್ರಶ್ನೆ ಏನೆಂದು ತಿಳಿಯದೆ ವರದಿ ಓದುವುದು, ಪ್ರಶ್ನೆಪತ್ರಿಕೆ ನೋಡದೆ ಉತ್ತರಪತ್ರಿಕೆ ಓದಿದಂತೆ.

ಒಂದು ಕೈಯ ನೆರಳು

1895ರ ನವೆಂಬರ್ 8ರಂದು ಜರ್ಮನಿಯ ವ್ಯೂರ್ಟ್ಸ್‌ಬರ್ಗ್ ನಗರದ ಪ್ರಯೋಗಾಲಯದಲ್ಲಿ ವಿಲ್ಹೆಲ್ಮ್ ರಾಂಟ್‌ಜೆನ್ ಎಂಬ ಪ್ರಾಧ್ಯಾಪಕರು ಕಪ್ಪು ಕಾಗದ ಸುತ್ತಿದ ಗಾಜಿನ ಕೊಳವೆಯಲ್ಲಿ ವಿದ್ಯುತ್ ಹರಿಸುತ್ತಿದ್ದರು. ಕತ್ತಲೆಯ ಕೋಣೆಯಲ್ಲಿ ಸ್ವಲ್ಪ ದೂರವಿದ್ದ ಪರದೆಯೊಂದು ಹೊಳೆಯತೊಡಗಿತು. ಕಾಗದವನ್ನೂ ತೂರಿ ಬರುವ ಈ ಕಿರಣ ಯಾವುದೆಂದು ತಿಳಿಯದ್ದರಿಂದ, ಬೀಜಗಣಿತದಲ್ಲಿ ಗೊತ್ತಿಲ್ಲದ ರಾಶಿಗೆ 'ಎಕ್ಸ್' ಎನ್ನುವಂತೆ, ಅವರು ಅದನ್ನು ಎಕ್ಸ್-ಕಿರಣ ಎಂದರು. ಕನ್ನಡದಲ್ಲಿ ಅದು ಕ್ಷ-ಕಿರಣವಾಯಿತು. ಅದೇ ಡಿಸೆಂಬರ್ 22ರಂದು ತೆಗೆದ ಅವರ ಪತ್ನಿಯ ಕೈಯ ಚಿತ್ರದಲ್ಲಿ ಬೆರಳುಗಳ ಎಲುಬು, ಬೆರಳಲ್ಲಿದ್ದ ಉಂಗುರ ಸ್ಪಷ್ಟವಾಗಿ ಮೂಡಿದವು. ಈ ಶೋಧಕ್ಕಾಗಿ 1901ರಲ್ಲಿ ಭೌತವಿಜ್ಞಾನದ ಮೊದಲ ನೊಬೆಲ್ ಪ್ರಶಸ್ತಿ ಅವರಿಗೆ ಸಂದಿತು. ರಾಂಟ್‌ಜೆನ್ ಇದಕ್ಕೆ ಪೇಟೆಂಟ್ ಪಡೆಯಲಿಲ್ಲ.

ಎಕ್ಸ್-ರೇ ಫಿಲ್ಮ್ ಎಂದರೆ ಒಂದು ನೆರಳು. ಕ್ಯಾಲ್ಸಿಯಂ ತುಂಬಿದ ಎಲುಬು ಕಿರಣಗಳನ್ನು ಹೆಚ್ಚು ತಡೆಯುವುದರಿಂದ ಬಿಳಿಯಾಗಿ ಕಾಣುತ್ತದೆ. ಗಾಳಿ ತಡೆಯುವುದಿಲ್ಲ, ಆದ್ದರಿಂದ ಕಪ್ಪು. ಮಾಂಸ, ರಕ್ತ, ನೀರು ಇವೆರಡರ ನಡುವಿನ ಬೂದು ಬಣ್ಣ. ಎದೆಯ ಎಕ್ಸ್-ರೇಯನ್ನು ಬೆಳಕಿಗೆ ಹಿಡಿದು "ಎದೀ ತುಂಬಾ ಕಪ್ಪಾಗೇತಿ" ಎಂದು ಗಾಬರಿಯಾಗುವವರಿದ್ದಾರೆ. ವಾಸ್ತವವಾಗಿ ಶ್ವಾಸಕೋಶ ಗಾಳಿಯಿಂದ ತುಂಬಿರುವುದರಿಂದ ಅದು ಕಪ್ಪಾಗಿಯೇ ಕಾಣಬೇಕು. ಅಲ್ಲಿ ಬಿಳಿಯ ಕಲೆ ಕಂಡರೆ ಅದೇನೆಂದು ವೈದ್ಯರು ವಿಚಾರ ಮಾಡುತ್ತಾರೆ. ಅದು ನ್ಯುಮೋನಿಯಾ ಇರಬಹುದು, ನೀರು ತುಂಬಿರಬಹುದು, ಕ್ಷಯವಿರಬಹುದು, ಹಿಂದೆಂದೋ ವಾಸಿಯಾದ ಕ್ಷಯದ ಗಾಯದ ಗುರುತೂ ಆಗಿರಬಹುದು. ನೆರಳು ತನ್ನ ಹೆಸರನ್ನು ತಾನೇ ಹೇಳುವುದಿಲ್ಲ. ಅದಕ್ಕೇ ಕ್ಷಯದ ಶಂಕೆ ಬಂದಾಗ ಕಫದ ಪರೀಕ್ಷೆಯೂ ಬೇಕು. ಸರ್ಕಾರಿ ಆರೋಗ್ಯ ಕೇಂದ್ರಗಳ ಮೂಲಕ ಇದು ಉಚಿತವಾಗಿ ನಡೆಯುತ್ತದೆ. ಹಿಂದೆ ಕ್ಷಯಕ್ಕೆ ಚಿಕಿತ್ಸೆ ಪಡೆದವರು ಹಳೆಯ ಫಿಲ್ಮ್ ಕಾಪಾಡಿಕೊಂಡಿದ್ದರೆ, ಕಲೆ ಹಳೆಯದೋ ಹೊಸದೋ ಎಂಬುದು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ತಿಳಿಯುತ್ತದೆ.

ಎದೆಯ ಎಕ್ಸ್-ರೇ ತೆಗೆಯುವಾಗ ಉಸಿರು ಎಳೆದು ಹಿಡಿಯಲು ಹೇಳುವುದು ಶ್ವಾಸಕೋಶ ಪೂರ್ತಿ ಹಿಗ್ಗಲಿ, ಚಿತ್ರ ಅಲುಗಾಡದಿರಲಿ ಎಂದು. ತಾಳಿ, ಸರ, ತಾಯತ, ಕೊರಳಲ್ಲಿ ಧರಿಸಿದ ಲಿಂಗದ ಬೆಳ್ಳಿ ಕರಡಿಗೆ ಇವುಗಳನ್ನು ತೆಗೆಯಲು ಹೇಳುವುದೂ ಅವುಗಳ ನೆರಳು ಶ್ವಾಸಕೋಶದ ಮೇಲೆ ಬೀಳದಿರಲಿ ಎಂದೇ. ಇದರಲ್ಲಿ ಅಗೌರವವೇನೂ ಇಲ್ಲ. ಮನೆಯವರ ಕೈಯಲ್ಲಿ ಕೊಟ್ಟು ಎರಡು ನಿಮಿಷದ ನಂತರ ಮತ್ತೆ ಧರಿಸಿದರಾಯಿತು.

ತುಂಬಿದ ಮೂತ್ರಕೋಶ, ಖಾಲಿ ಹೊಟ್ಟೆ

ನಮ್ಮ ಕಡೆ ಬರಿದೆ 'ಸ್ಕ್ಯಾನಿಂಗ್' ಎಂದರೆ ಬಹಳ ಮಂದಿಗೆ ಹೊಟ್ಟೆಯ ಮೇಲೆ ಲೋಳೆ ಹಚ್ಚಿ ಮಾಡುವ ಅಲ್ಟ್ರಾಸೌಂಡ್ ಪರೀಕ್ಷೆಯೇ. ಆದರೆ ಸಿ.ಟಿ. ಸ್ಕ್ಯಾನ್ ಬೇರೆ, ಎಂ.ಆರ್.ಐ. ಸ್ಕ್ಯಾನ್ ಬೇರೆ. ಮೂರೂ ಬೇರೆ ಬೇರೆ ತತ್ವದ ಮೇಲೆ ನಡೆಯುತ್ತವೆ. ಸಿದ್ಧತೆ, ಖರ್ಚು, ಎಚ್ಚರಿಕೆ ಎಲ್ಲವೂ ಬೇರೆ. ಆದ್ದರಿಂದ "ಸ್ಕ್ಯಾನಿಂಗ್ ಮಾಡಿಸಿ" ಎಂದಾಗ ಯಾವುದು ಎಂದು ಮೊದಲು ಕೇಳಿಕೊಳ್ಳಬೇಕು.

ಅಲ್ಟ್ರಾಸೌಂಡ್‌ನಲ್ಲಿ ಕೆಲಸ ಮಾಡುವುದು ಧ್ವನಿ. ಮನುಷ್ಯನ ಕಿವಿ ಸೆಕೆಂಡಿಗೆ 20,000 ಕಂಪನಗಳವರೆಗಿನ ಧ್ವನಿಯನ್ನು ಮಾತ್ರ ಕೇಳಬಲ್ಲದು. ಈ ಯಂತ್ರದ ಧ್ವನಿ ಸೆಕೆಂಡಿಗೆ ಹತ್ತಾರು ಲಕ್ಷ ಸಲ ಕಂಪಿಸುತ್ತದೆ. ಬಾವಲಿ ಕತ್ತಲಲ್ಲಿ ತನ್ನ ಧ್ವನಿಯ ಪ್ರತಿಧ್ವನಿಯಿಂದ ದಾರಿ ಕಂಡುಕೊಳ್ಳುವಂತೆ, ಯಂತ್ರ ದೇಹದೊಳಗೆ ಧ್ವನಿ ಕಳಿಸಿ, ಅಂಗಾಂಗಗಳಿಗೆ ಬಡಿದು ಬಂದ ಪ್ರತಿಧ್ವನಿಯಿಂದ ಚಿತ್ರ ಬಿಡಿಸುತ್ತದೆ. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಡಾ. ಇಯಾನ್ ಡೊನಾಲ್ಡ್ ಮತ್ತು ಸಂಗಡಿಗರು 1958ರಲ್ಲಿ ಹೊಟ್ಟೆಯ ಗಡ್ಡೆಗಳನ್ನು ಹೀಗೆ ನೋಡಬಹುದೆಂದು ಪ್ರಕಟಿಸಿದ ಮೇಲೆ ಇದು ವೈದ್ಯಲೋಕದಲ್ಲಿ ಬೇರೂರಿತು. ಇದರಲ್ಲಿ ಕ್ಷ-ಕಿರಣವಿಲ್ಲ. ಗರ್ಭಿಣಿಯರಿಗೆ ಇದನ್ನೇ ಮೊದಲು ಮಾಡುವುದು ಆ ಕಾರಣಕ್ಕೆ.

ಗಾಳಿ ಮಾತ್ರ ಈ ಧ್ವನಿಗೆ ವೈರಿ. ಚರ್ಮಕ್ಕೂ ಯಂತ್ರದ ಹಿಡಿಗೂ ನಡುವೆ ಗಾಳಿ ಸೇರದಿರಲೆಂದೇ ಆ ತಣ್ಣನೆಯ ಲೋಳೆ. ಕೆಳಹೊಟ್ಟೆ, ಗರ್ಭಕೋಶದ ಪರೀಕ್ಷೆಗೆ ನೀರು ಕುಡಿದು ಮೂತ್ರ ತಡೆದುಕೊಂಡು ಬನ್ನಿ ಎನ್ನುತ್ತಾರೆ. ತುಂಬಿದ ಮೂತ್ರಕೋಶ ಕರುಳನ್ನು ಪಕ್ಕಕ್ಕೆ ಸರಿಸಿ, ಹಿಂದಿನದನ್ನು ತೋರಿಸುವ ಕಿಟಕಿಯಂತೆ ಕೆಲಸ ಮಾಡುತ್ತದೆ. ಪಿತ್ತಕೋಶ ನೋಡಬೇಕಾದರೆ ಉಪವಾಸ ಬರಬೇಕು. ಊಟ ಮಾಡಿದರೆ ಪಿತ್ತಕೋಶ ಕುಗ್ಗುತ್ತದೆ, ಒಳಗಿನ ಹರಳು ಸರಿಯಾಗಿ ಕಾಣದು. ಊರಿಂದ ಬೆಳಗಿನ ಬಸ್ಸು ಹಿಡಿದು ಬಂದವರು, "ಹಸಗೊಂಡು ಹೆಂಗ ಹೋಗೂದು" ಎಂದು ದಾರಿಯಲ್ಲಿ ಮಂಡಕ್ಕಿ-ಮಿರ್ಚಿ ತಿಂದು, ಪರೀಕ್ಷೆ ಆಗದೆ ಮರುದಿನ ಮತ್ತೆ ಬರಬೇಕಾಗುತ್ತದೆ. ಒಂದು ದಿನದ ಕೂಲಿ, ಬಸ್ಸಿನ ಖರ್ಚು ಎರಡೂ ಹೋಯಿತು. ಹಿಂದಿನ ದಿನವೇ ಕೇಳಿಕೊಂಡಿದ್ದರೆ ಅದು ಉಳಿಯುತ್ತಿತ್ತು.

ಇಲ್ಲಿ ಕಾನೂನಿನ ಮಾತೊಂದಿದೆ. ಗರ್ಭದಲ್ಲಿರುವ ಮಗು ಗಂಡೋ ಹೆಣ್ಣೋ ಎಂದು ಪತ್ತೆ ಮಾಡುವುದನ್ನು 1994ರ ಕಾಯ್ದೆ ನಿಷೇಧಿಸಿದೆ. ಅದು 1996ರ ಜನವರಿ 1ರಿಂದ ಜಾರಿಯಲ್ಲಿದೆ, 2003ರಲ್ಲಿ ಇನ್ನಷ್ಟು ಬಿಗಿಯಾಯಿತು. ಹೇಳುವ ವೈದ್ಯರಿಗಷ್ಟೇ ಅಲ್ಲ, ಹೇಳಿರೆಂದು ಕೇಳುವ ಮನೆಯವರಿಗೂ ಮೊದಲ ತಪ್ಪಿಗೇ 3 ವರ್ಷದವರೆಗೆ ಸೆರೆವಾಸ, 50,000 ರೂಪಾಯಿವರೆಗೆ ದಂಡವಿದೆ. ಗರ್ಭಿಣಿಯ ಸ್ಕ್ಯಾನಿಂಗ್ ಮಾಡುವುದು ಮಗುವಿನ ಬೆಳವಣಿಗೆ, ನಾಡಿಬಡಿತ, ಅಂಗದೋಷ, ಕಸದ ಸ್ಥಾನ ನೋಡಲಿಕ್ಕೆ. ಆ ಚಿತ್ರಕ್ಕೆ ಕೇಳಬೇಕಾದ ಪ್ರಶ್ನೆ 'ಮಗು ಆರೋಗ್ಯವಾಗಿದೆಯೇ' ಎಂಬುದೊಂದೇ.

ಹೋಳು ಹೋಳಾಗಿ ನೋಡುವ ಸಿ.ಟಿ.

ಸಾದಾ ಎಕ್ಸ್-ರೇಯಲ್ಲಿ ಮುಂದಿನದು, ಹಿಂದಿನದು ಎಲ್ಲ ಒಂದರ ಮೇಲೊಂದು ಬಿದ್ದ ನೆರಳು. ಕಲ್ಲಂಗಡಿ ಹಣ್ಣನ್ನು ಹೊರಗಿನಿಂದ ನೋಡಿ ಬೀಜ ಎಲ್ಲೆಲ್ಲಿದೆ ಎಂದು ಹೇಳಲಾಗದು, ಹೋಳು ಮಾಡಿದರೆ ತಿಳಿಯುತ್ತದೆ. ದೇಹವನ್ನು ಕೊಯ್ಯದೆಯೇ ಹೋಳು ಹೋಳಾಗಿ ತೋರಿಸುವುದು ಸಿ.ಟಿ. ಸ್ಕ್ಯಾನ್. ಬಳೆಯಾಕಾರದ ಯಂತ್ರದಲ್ಲಿ ಎಕ್ಸ್-ರೇ ಕೊಳವೆ ರೋಗಿಯ ಸುತ್ತ ತಿರುಗುತ್ತದೆ. ಎಲ್ಲ ದಿಕ್ಕಿನಿಂದ ಬಂದ ಅಳತೆಗಳನ್ನು ಗಣಕಯಂತ್ರ ಕೂಡಿಸಿ ಚಿತ್ರ ಮಾಡುತ್ತದೆ.

ಇದನ್ನು ರೂಪಿಸಿದವರು ಇಂಗ್ಲೆಂಡಿನ ಗಾಡ್‌ಫ್ರೆ ಹೌನ್ಸ್‌ಫೀಲ್ಡ್. ಅವರಿಗೆ ವಿಶ್ವವಿದ್ಯಾಲಯದ ಪದವಿ ಇರಲಿಲ್ಲ, ಇದ್ದದ್ದು ಇಂಜಿನಿಯರಿಂಗ್ ಡಿಪ್ಲೊಮಾ. ಗ್ರಾಮಫೋನ್ ತಟ್ಟೆಗಳಿಗೆ ಹೆಸರಾಗಿದ್ದ ಇ.ಎಂ.ಐ. ಕಂಪನಿಯಲ್ಲಿ ಅವರು ಕೆಲಸಕ್ಕಿದ್ದರು. 1971ರ ಅಕ್ಟೋಬರ್ 1ರಂದು ಲಂಡನ್ನಿನ ಆಸ್ಪತ್ರೆಯೊಂದರಲ್ಲಿ, ಮೆದುಳಿನಲ್ಲಿ ಗಡ್ಡೆಯ ಶಂಕೆಯಿದ್ದ ಮಹಿಳೆಯೊಬ್ಬರ ಮೇಲೆ ಮೊದಲ ಪರೀಕ್ಷೆ ನಡೆಯಿತು. ಇದರ ಗಣಿತವನ್ನು ಮೊದಲೇ ಬಿಡಿಸಿದ್ದ, ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿದ ಅಲನ್ ಕಾರ್ಮ್ಯಾಕ್ ಅವರೊಂದಿಗೆ ಹೌನ್ಸ್‌ಫೀಲ್ಡ್ 1979ರ ನೊಬೆಲ್ ಪ್ರಶಸ್ತಿ ಹಂಚಿಕೊಂಡರು.

ಸಿ.ಟಿ.ಯ ದೊಡ್ಡ ಗುಣ ವೇಗ. ಪುಣೆ-ಬೆಂಗಳೂರು ರಾಷ್ಟ್ರೀಯ ಹೆದ್ದಾರಿ ರಾಣೆಬೆನ್ನೂರು, ಹರಿಹರದ ಬದಿಯಿಂದಲೇ ಹಾಯ್ದಿದೆ. ಹೆಲ್ಮೆಟ್ಟಿಲ್ಲದೆ ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದವರಿಗೆ ಮೊದಲು ಬೇಕಾಗುವ ಚಿತ್ರ ಇದೇ. ತಲೆಯೊಳಗೆ ರಕ್ತ ಸೋರಿದೆಯೇ ಎಂಬುದನ್ನು ಕೆಲವೇ ನಿಮಿಷಗಳಲ್ಲಿ ಅದು ಹೇಳುತ್ತದೆ.

ಲಕ್ವಾ ಹೊಡೆದಾಗಲಂತೂ ಈ ಚಿತ್ರದ ಮೇಲೆ ಜೀವವೇ ನಿಂತಿರುತ್ತದೆ. ಮೆದುಳಿನ ರಕ್ತನಾಳ ಹೆಪ್ಪುಗಟ್ಟಿ ಮುಚ್ಚಿದರೂ ಲಕ್ವಾ ಬರುತ್ತದೆ, ನಾಳ ಒಡೆದು ರಕ್ತ ಸುರಿದರೂ ಬರುತ್ತದೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ, ಬಾಯಿ ವಾರೆಯಾಗಿ ಕೈಕಾಲು ಬಿದ್ದುಹೋಗಿರುತ್ತದೆ. ಮೊದಲನೆಯದಕ್ಕೆ ಹೆಪ್ಪು ಕರಗಿಸುವ ಔಷಧಿಯಿದೆ. ಅದನ್ನೇ ಎರಡನೆಯವರಿಗೆ ಕೊಟ್ಟರೆ ಪ್ರಾಣಕ್ಕೇ ಅಪಾಯ. ಯಾವುದೆಂದು ಬೇರ್ಪಡಿಸುವುದು ಸಿ.ಟಿ. ಆ ಔಷಧಿಯನ್ನು ಸಾಮಾನ್ಯವಾಗಿ ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ನಾಟಿ ಔಷಧಿಗೆಂದು ಯಾವುದೋ ಊರಿಗೆ ಹೋಗಿ ಒಂದು ರಾತ್ರಿ ಕಳೆದು ಬಂದವರಿಗೆ ಆ ಅವಕಾಶ ಮುಗಿದಿರುತ್ತದೆ. ಹರಿಹರದಿಂದ ದಾವಣಗೆರೆಗೆ ಇರುವುದು ಸುಮಾರು 14 ಕಿ.ಮೀ. ಲಕ್ವಾ ಹೊಡೆದರೆ ಸಿ.ಟಿ. ಇರುವ ಆಸ್ಪತ್ರೆಗೆ ನೇರವಾಗಿ ಹೋಗಬೇಕು, 108ಕ್ಕೆ ಫೋನ್ ಮಾಡಬೇಕು, ಎಷ್ಟು ಗಂಟೆಗೆ ಶುರುವಾಯಿತು ಎಂಬುದನ್ನು ನೆನಪಿಟ್ಟು ಹೇಳಬೇಕು. ಹತ್ತನೆಯ ತರಗತಿಯ ಹುಡುಗಿಯೂ ಗಡಿಯಾರ ನೋಡಿ ಆ ಹೊತ್ತನ್ನು ಬರೆದಿಡಬಲ್ಲಳು.

ಕೆಲವು ಸಿ.ಟಿ. ಪರೀಕ್ಷೆಗಳಲ್ಲಿ ರಕ್ತನಾಳಕ್ಕೆ ಅಯೋಡಿನ್ ಇರುವ ಔಷಧಿ ಚುಚ್ಚುತ್ತಾರೆ. ಮೈ ಬಿಸಿಯಾದಂತೆ ಅನಿಸುವುದು ಸಹಜ. ಮೂತ್ರಪಿಂಡದ ಕಾಯಿಲೆ ಇದ್ದರೆ, ಹಿಂದೆ ಇಂಥ ಚುಚ್ಚುಮದ್ದಿನಿಂದ ಮೈಮೇಲೆ ದದ್ದು ಎದ್ದಿದ್ದರೆ, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮಾತ್ರೆ ನುಂಗುತ್ತಿದ್ದರೆ ಮೊದಲೇ ಹೇಳಬೇಕು.

ಅಯಸ್ಕಾಂತದ ಕೋಣೆ

ಎಂ.ಆರ್.ಐ.ಯಲ್ಲಿ ಕ್ಷ-ಕಿರಣವಿಲ್ಲ. ಅಲ್ಲಿರುವುದು ಭಾರಿ ಅಯಸ್ಕಾಂತ ಮತ್ತು ರೇಡಿಯೊ ತರಂಗ. ನಮ್ಮ ದೇಹದ ಅರ್ಧಕ್ಕಿಂತ ಹೆಚ್ಚು ಭಾಗ ನೀರು, ನೀರಿನಲ್ಲಿ ಹೈಡ್ರೋಜನ್. ಆ ಹೈಡ್ರೋಜನ್‌ನ ಬೀಜಕಣಗಳು ಪುಟ್ಟ ಅಯಸ್ಕಾಂತಗಳಂತೆ ವರ್ತಿಸುತ್ತವೆ. ದೊಡ್ಡ ಅಯಸ್ಕಾಂತದ ಹಿಡಿತದಲ್ಲಿ ಅವುಗಳನ್ನು ರೇಡಿಯೊ ತರಂಗದಿಂದ ತಟ್ಟಿದರೆ, ಮರಳಿ ತಮ್ಮ ಸ್ಥಿತಿಗೆ ಬರುವಾಗ ಸಣ್ಣ ಸಂಕೇತ ಹೊರಡಿಸುತ್ತವೆ. ಅದನ್ನು ಹಿಡಿದು ಚಿತ್ರ ಬಿಡಿಸುತ್ತಾರೆ. ಇದಕ್ಕಾಗಿ ಪಾಲ್ ಲಾಟರ್‌ಬರ್ ಮತ್ತು ಪೀಟರ್ ಮ್ಯಾನ್ಸ್‌ಫೀಲ್ಡ್ ಅವರಿಗೆ 2003ರಲ್ಲಿ ನೊಬೆಲ್ ಬಂತು. ಮೆದುಳು, ಬೆನ್ನುಹುರಿ, ಕೀಲು, ನರಗಳಂಥ ಮೃದು ಭಾಗಗಳನ್ನು ತೋರಿಸುವುದರಲ್ಲಿ ಎಂ.ಆರ್.ಐ. ಮುಂದು. ಪರೀಕ್ಷೆಗೆ ಸಾಮಾನ್ಯವಾಗಿ 20ರಿಂದ 45 ನಿಮಿಷ ಹಿಡಿಯುತ್ತದೆ. ಒಳಗೆ ಸುತ್ತಿಗೆಯಿಂದ ಬಡಿದಂಥ ಸದ್ದು ಬರುತ್ತದೆ. ಕಿವಿ ಮುಚ್ಚಲು, ಭಯವಾದರೆ ಒತ್ತಿ ಕರೆಯಲು ಸಾಧನ ಕೊಡುತ್ತಾರೆ.

ಸಾಮಾನ್ಯವಾಗಿ ಬಳಸುವ 1.5 ಟೆಸ್ಲಾ ಯಂತ್ರದ ಕಾಂತಶಕ್ತಿ ಭೂಮಿಯ ಕಾಂತಶಕ್ತಿಗಿಂತ ಸುಮಾರು 30,000 ಪಟ್ಟು ಹೆಚ್ಚು. ಅದು ಪರೀಕ್ಷೆ ನಡೆಯದಿದ್ದಾಗಲೂ ಚಾಲೂ ಇರುತ್ತದೆ ಎಂಬುದನ್ನು ಮರೆಯಬಾರದು. 2018ರ ಜನವರಿಯಲ್ಲಿ ಮುಂಬಯಿಯ ಆಸ್ಪತ್ರೆಯೊಂದರಲ್ಲಿ ರೋಗಿಯ ಸಂಬಂಧಿಕರೊಬ್ಬರು ಆಮ್ಲಜನಕದ ಕಬ್ಬಿಣದ ಸಿಲಿಂಡರ್ ಹಿಡಿದು ಆ ಕೋಣೆಗೆ ಹೋಗಿ, ಯಂತ್ರ ಸೆಳೆದುಕೊಂಡಿದ್ದರಿಂದ ಪ್ರಾಣ ಕಳೆದುಕೊಂಡರು. ಕೀಲಿಕೈ, ನಾಣ್ಯ, ಮೊಬೈಲು, ಹೇರ್‌ಪಿನ್ನು, ಸೀರೆಯ ಪಿನ್ನು, ಉಡದಾರದಲ್ಲಿನ ಲೋಹ ಎಲ್ಲವನ್ನೂ ಹೊರಗೇ ಇಟ್ಟು ಹೋಗಬೇಕು, ಜೊತೆಗೆ ಹೋಗುವವರೂ ಸಹ.

ನಮ್ಮ ಭಾಗದವರಿಗೆ ಇನ್ನೊಂದು ಎಚ್ಚರಿಕೆ ಮುಖ್ಯ. ಹರಿಹರದ ಮೈಸೂರು ಕಿರ್ಲೋಸ್ಕರ್ ಒಂದು ಕಾಲಕ್ಕೆ ಲೇತ್ ಯಂತ್ರಗಳಿಗೆ ಹೆಸರಾಗಿತ್ತು. ಆ ಕಾರ್ಖಾನೆ ಮುಚ್ಚಿ ಎರಡು ದಶಕಗಳ ಮೇಲಾಯಿತು, ಆದರೆ ಲೇತ್, ಗ್ರೈಂಡಿಂಗ್, ವೆಲ್ಡಿಂಗ್ ಕೆಲಸ ಕಲಿತು ಬದುಕಿದವರು ಹೊಳೆಯ ಎರಡೂ ದಡಗಳಲ್ಲಿ ಇದ್ದಾರೆ. ಅಂಥ ಕೆಲಸದಲ್ಲಿ ಎಂದೋ ಕಣ್ಣಿಗೆ ಸಿಡಿದ ಕಬ್ಬಿಣದ ಚೂರು ಒಳಗೇ ಉಳಿದಿದ್ದರೆ, ಎಂ.ಆರ್.ಐ. ಅದನ್ನು ಅಲುಗಿಸಿ ಕಣ್ಣಿಗೇ ಹಾನಿ ಮಾಡಬಹುದು. "ಇಪ್ಪತ್ತು ವರ್ಷದ ಹಿಂದಿನ ಮಾತು ಬಿಡ್ರಿ" ಎಂದು ಸುಮ್ಮನಿರಬಾರದು, ಹೇಳಬೇಕು. ಬೇಕಾದರೆ ಮೊದಲು ಕಣ್ಣಿನ ಎಕ್ಸ್-ರೇ ತೆಗೆದು ನೋಡುತ್ತಾರೆ. ಹೃದಯದ ಪೇಸ್‌ಮೇಕರ್, ಮೆದುಳಿನ ಶಸ್ತ್ರಚಿಕಿತ್ಸೆಯಲ್ಲಿ ಹಾಕಿದ ಕ್ಲಿಪ್, ಕಿವಿಯೊಳಗೆ ಕೂರಿಸಿದ ಯಂತ್ರ, ಎಲುಬಿಗೆ ಹಾಕಿದ ರಾಡು ಏನಿದ್ದರೂ ಹೇಳಬೇಕು. ಎಲ್ಲದಕ್ಕೂ ಅಡ್ಡಿಯೇ ಎಂದಲ್ಲ. ಯಾವುದಕ್ಕೆ ಅಡ್ಡಿ ಎಂದು ಅವರು ನಿರ್ಧರಿಸಲು ನಮ್ಮ ಮಾತೇ ಆಧಾರ.

ವಿಕಿರಣದ ಲೆಕ್ಕ

"ಎಕ್ಸ್-ರೇ ತೆಗೆಸಿದರೆ ಕ್ಯಾನ್ಸರ್ ಬರುತ್ತದಂತೆ" ಎಂಬ ಭಯ ಕೆಲವರದು. "ಎಷ್ಟಾದರೂ ತೆಗೆಯಿರಿ" ಎಂಬ ಧೈರ್ಯ ಕೆಲವರದು. ಲೆಕ್ಕ ನೋಡಿದರೆ ಎರಡೂ ಸರಿಯಲ್ಲ. ಮಣ್ಣು, ಕಲ್ಲು, ಆಕಾಶ, ಆಹಾರಗಳಿಂದ ಮನುಷ್ಯನಿಗೆ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್‌ನಷ್ಟು ಸಹಜ ವಿಕಿರಣ ತಾಗುತ್ತಲೇ ಇರುತ್ತದೆ. ಎದೆಯ ಒಂದು ಎಕ್ಸ್-ರೇಯಿಂದ ತಾಗುವುದು ಸುಮಾರು 0.1 ಮಿಲಿಸೀವರ್ಟ್ ಅಥವಾ ಅದಕ್ಕೂ ಕಡಿಮೆ. ತಲೆಯ ಸಿ.ಟಿ.ಯಿಂದ 2ರ ಆಸುಪಾಸು. ಹೊಟ್ಟೆಯ ಸಿ.ಟಿ.ಯಿಂದ ಸುಮಾರು 8, ಅಂದರೆ ಮೂರು ವರ್ಷಕ್ಕೂ ಹೆಚ್ಚಿನ ಸಹಜ ವಿಕಿರಣಕ್ಕೆ ಸಮ. ಅಲ್ಟ್ರಾಸೌಂಡ್, ಎಂ.ಆರ್.ಐ.ಗಳಲ್ಲಿ ಈ ಲೆಕ್ಕವೇ ಇಲ್ಲ.

ಬೇಕಾದ ಪರೀಕ್ಷೆಯನ್ನು ಹೆದರಿ ಬಿಡುವುದು ದೊಡ್ಡ ತಪ್ಪು. ಬೇಡದ ಸಿ.ಟಿ.ಯನ್ನು ಒತ್ತಾಯ ಮಾಡಿ ಮಾಡಿಸಿಕೊಳ್ಳುವುದೂ ತಪ್ಪೇ, ಮಕ್ಕಳ ವಿಷಯದಲ್ಲಂತೂ ಇನ್ನೂ ಹೆಚ್ಚು. ಬೆಳೆಯುವ ದೇಹಕ್ಕೆ ವಿಕಿರಣದ ಪರಿಣಾಮ ಹೆಚ್ಚು, ಮುಂದೆ ಬದುಕುವ ವರ್ಷಗಳೂ ಹೆಚ್ಚು. ಮುಟ್ಟು ನಿಂತಿದ್ದರೆ, ಗರ್ಭಿಣಿಯಾಗಿರಬಹುದೆಂಬ ಅನುಮಾನವಿದ್ದರೆ ಎಕ್ಸ್-ರೇ ಕೋಣೆಗೆ ಹೋಗುವ ಮೊದಲೇ ಹೇಳಬೇಕು. ನಾಚಿಕೆಯಿಂದ ಸುಮ್ಮನಿರುವ ವಿಷಯ ಇದಲ್ಲ. ಮಗುವನ್ನು ಹಿಡಿದು ನಿಲ್ಲಬೇಕಾದವರು ಸೀಸದ ಏಪ್ರನ್ ಕೇಳಿ ಪಡೆಯಬೇಕು. ಎಕ್ಸ್-ರೇ, ಸಿ.ಟಿ. ಯಂತ್ರಗಳಿಗೆ 1983ರಲ್ಲಿ ಸ್ಥಾಪನೆಯಾದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಪರವಾನಗಿ ಇರಬೇಕೆಂಬುದು ನಿಯಮ.

ಪರೀಕ್ಷೆಯ ಕಾಲದಲ್ಲಿ ಮಗಳಿಗೆ ತಲೆನೋವು ಬಂದರೆ, "ಸಾಹೇಬ್ರ, ಒಂದು ಸ್ಕ್ಯಾನಿಂಗ್ ಬರದು ಕೊಡ್ರಿ, ಏನೈತಿ ಅನ್ನೂದು ಗೊತ್ತಾಗ್ಲಿ" ಎನ್ನುವ ಪಾಲಕರಿದ್ದಾರೆ. ನಿದ್ದೆಗೆಟ್ಟು ಓದುವುದು, ಹೊತ್ತಿಗೆ ಊಟ ಮಾಡದಿರುವುದು, ಕನ್ನಡಕ ಬೇಕಾಗಿರುವುದು, ಮೈಗ್ರೇನ್ ಇವು ಆ ವಯಸ್ಸಿನ ತಲೆನೋವಿಗೆ ಸಾಮಾನ್ಯ ಕಾರಣಗಳು. ಇವ್ಯಾವುವೂ ಸ್ಕ್ಯಾನ್‌ನಲ್ಲಿ ಕಾಣುವುದಿಲ್ಲ. ಆದರೆ ಸಿಡಿಲು ಬಡಿದಂತೆ ಒಮ್ಮೆಲೇ ಬಂದ ತಲೆನೋವು, ಬೆಳಗಿನ ವಾಂತಿ, ಫಿಟ್ಸ್, ದೃಷ್ಟಿ ಮಂಜಾಗುವುದು, ಕೈಕಾಲು ಸೋಲುವುದು, ಜ್ವರದೊಡನೆ ಕುತ್ತಿಗೆ ಬಿಗಿತ ಇದ್ದರೆ ತಡ ಮಾಡಬಾರದು. ಈ ವ್ಯತ್ಯಾಸ ಹೇಳುವುದು ಯಂತ್ರವಲ್ಲ, ಕೇಳಿ, ಮುಟ್ಟಿ ನೋಡುವ ವೈದ್ಯರು.

ವರದಿ ಓದುವ ಬಗೆ

ಈಗ ಬಸ್ಸಿನಲ್ಲಿ ಕುಳಿತ ಆ ತಂದೆ-ಮಗನ ಬಳಿಗೆ ಬರೋಣ. 'ಡೀಜನರೇಶನ್' ಎಂದರೆ ನಿಘಂಟಿನ ಅರ್ಥ ಅವನತಿಯೇ ಸರಿ. ಆದರೆ 2015ರಲ್ಲಿ ಪ್ರಕಟವಾದ, ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಮರ್ಶೆಯೊಂದು ಬೆನ್ನುನೋವೇ ಇಲ್ಲದವರ ಬೆನ್ನಿನ ಚಿತ್ರಗಳನ್ನು ಗಮನಿಸಿತು. ಇಪ್ಪತ್ತರ ವಯಸ್ಸಿನವರಲ್ಲಿಯೇ ನೂರಕ್ಕೆ 37 ಮಂದಿಯಲ್ಲಿ ಈ ಸವೆತ ಕಂಡಿತು, ಎಂಬತ್ತರ ವಯಸ್ಸಿನವರಲ್ಲಿ ನೂರಕ್ಕೆ 96 ಮಂದಿಯಲ್ಲಿ. ಡಿಸ್ಕ್ ಉಬ್ಬಿರುವುದು ಇಪ್ಪತ್ತರವರಲ್ಲಿ ನೂರಕ್ಕೆ 30, ಎಂಬತ್ತರವರಲ್ಲಿ 84. ಅಂದರೆ ಇದು ಬಹುಮಟ್ಟಿಗೆ ತಲೆಗೂದಲು ನರೆತಂತೆ. ನರೆತದ್ದು ನಿಜ, ಅದೇ ಕಾಯಿಲೆ ಎಂದಲ್ಲ. ಬ್ಯಾಡಗಿಯ ಪೇಟೆಯಲ್ಲಿ ಮೆಣಸಿನಕಾಯಿ ಚೀಲ ಹೊತ್ತ ಹಮಾಲರ ಟೊಂಕ ನೋವಿಗೆ ಈ ಸವೆತ ಕಾರಣ ಇದ್ದರೂ ಇರಬಹುದು, ಇಲ್ಲದೆಯೂ ಇರಬಹುದು. ನೋವು ಎಲ್ಲಿ, ಕಾಲಿಗೆ ಇಳಿಯುತ್ತದೆಯೇ, ಯಾವ ನರ ಒತ್ತಿದೆ ಎಂದು ಪರೀಕ್ಷಿಸಿ ಚಿತ್ರದೊಡನೆ ತಾಳೆ ನೋಡಿದಾಗಲೇ ಉತ್ತರ. ಕಾಲಿನ ಶಕ್ತಿ ಕುಂದಿದರೆ, ಮಲಮೂತ್ರದ ಹತೋಟಿ ತಪ್ಪಿದರೆ, ಜ್ವರ ಬಂದರೆ, ತೂಕ ಇಳಿದರೆ ಮಾತ್ರ ಅವಸರ ಮಾಡಬೇಕು.

ವರದಿಯ ಕೊನೆಯಲ್ಲಿ 'ಇಂಪ್ರೆಶನ್' ಎಂಬ ಭಾಗವಿರುತ್ತದೆ, ಅದು ಸಾರಾಂಶ. 'ಕ್ಲಿನಿಕಲ್ ಕೋರಿಲೇಶನ್' ಎಂದು ಬರೆದಿದ್ದರೆ, ರೋಗಿಯನ್ನು ಪರೀಕ್ಷಿಸಿದ ವೈದ್ಯರು ಇದನ್ನು ತಾಳೆ ಹಾಕಿ ನೋಡಲಿ ಎಂದರ್ಥ. 'ಅನ್‌ರಿಮಾರ್ಕೆಬಲ್', 'ಎನ್.ಎ.ಡಿ.' ಎಂದರೆ ಹೇಳುವಂಥ ದೋಷವಿಲ್ಲ ಎಂದು. 'ಲೀಷನ್' ಎಂದರೆ ಸುತ್ತಲಿನ ಭಾಗಕ್ಕಿಂತ ಬೇರೆಯಾಗಿ ಕಂಡ ಜಾಗ ಎಂದಷ್ಟೇ. ಅದು ಕ್ಯಾನ್ಸರ್ ಎಂಬ ಪದವಲ್ಲ. ಎಷ್ಟೋ ಸಲ ಒಂದನ್ನು ಹುಡುಕಹೋದಾಗ ಇನ್ನೊಂದು ನಿರುಪದ್ರವಿ ಗುಳ್ಳೆಯೋ ಗಂಟೋ ಕಾಣುವುದುಂಟು. ಅದರ ಬಗ್ಗೆ ಏನು ಮಾಡಬೇಕು, ಏನೂ ಮಾಡಬೇಕಿಲ್ಲವೇ ಎಂದು ಕೇಳಿ ತಿಳಿಯಬೇಕು. ಹಾಗೆಯೇ ವರದಿ 'ನಾರ್ಮಲ್' ಬಂದರೂ ನೋವು ಹೆಚ್ಚುತ್ತಿದ್ದರೆ ಮತ್ತೆ ಹೋಗಿ ತೋರಿಸಬೇಕು. ಆ ಚಿತ್ರ ಒಂದು ದಿನದ, ಒಂದು ಪ್ರಶ್ನೆಯ ಉತ್ತರ ಮಾತ್ರ.

ಕೇಳಬೇಕಾದ ಆರು ಮಾತು

ಪರೀಕ್ಷೆ ಬರೆದುಕೊಟ್ಟಾಗ ವೈದ್ಯರನ್ನು ವಿನಯದಿಂದ ಈ ಆರು ಮಾತು ಕೇಳಿ. ಏನನ್ನು ತಿಳಿಯಲು ಈ ಪರೀಕ್ಷೆ? ಇದರ ಉತ್ತರದಿಂದ ಚಿಕಿತ್ಸೆ ಬದಲಾಗುತ್ತದೆಯೇ? ಈಗಲೇ ಬೇಕೋ, ಕೆಲವು ದಿನ ಕಾಯಬಹುದೋ? ಇದಕ್ಕಿಂತ ಸರಳವಾದ ಪರೀಕ್ಷೆ ಇದೆಯೇ? ಉಪವಾಸ, ನೀರು, ಮಾತ್ರೆಗಳ ವಿಷಯದಲ್ಲಿ ಸಿದ್ಧತೆ ಏನು? ಸರ್ಕಾರಿ ಆಸ್ಪತ್ರೆಯಲ್ಲಿ ಆಗುತ್ತದೆಯೇ? ಕಡೆಯದನ್ನು ಕೇಳಲು ಸಂಕೋಚ ಬೇಡ. ಎಂ.ಆರ್.ಐ. ಎಂದರೆ ಸಾವಿರಾರು ರೂಪಾಯಿಯ ಮಾತು. ಬಿ.ಪಿ.ಎಲ್. ಕಾರ್ಡು, ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಕಾರ್ಡು ಜೊತೆಗಿಟ್ಟುಕೊಂಡು, ಹಣ ಕಟ್ಟುವ ಮೊದಲು ವಿಚಾರಿಸಿ. ಕಟ್ಟಿದ ಮೇಲಲ್ಲ.

ಫಿಲ್ಮ್, ವರದಿ, ಸಿ.ಡಿ. ಎಲ್ಲವೂ ಮನೆಯ ಕಾಗದಪತ್ರದಷ್ಟೇ ಬೆಲೆಯುಳ್ಳವು. ದಿನಾಂಕದ ಪ್ರಕಾರ ಜೋಡಿಸಿ, ಬಿಸಿಲು-ತೇವ ತಾಗದಂತೆ ಇಡಿ. ಅಲ್ಟ್ರಾಸೌಂಡ್‌ನ ಹೊಳಪು ಕಾಗದದ ಚಿತ್ರ ಶಾಖಕ್ಕೆ ಕೆಡುತ್ತದೆ, ಅದನ್ನು ಲ್ಯಾಮಿನೇಶನ್ ಮಾಡಿಸಬೇಡಿ. ಕಾಗದ ಕಳೆದುಹೋದರೆ, ರೋಗಿ ಕೇಳಿದ 72 ಗಂಟೆಯೊಳಗೆ ವೈದ್ಯರು ದಾಖಲೆಯ ಪ್ರತಿ ಕೊಡಬೇಕೆಂದು 2002ರ ಭಾರತೀಯ ವೈದ್ಯಕೀಯ ಪರಿಷತ್ತಿನ ನಿಯಮಾವಳಿ ಹೇಳುತ್ತದೆ.

ಮುಂದಿನ ಸಲ ಬಸ್ಸಿನಲ್ಲಿ "ಏನ್ ಬರದಾರ ನೋಡಪಾ" ಎಂದು ಅಪ್ಪನೋ ಅವ್ವನೋ ಲಕೋಟೆ ಕೊಟ್ಟರೆ, ಮಕ್ಕಳು ಹೇಳಬಹುದಾದ ಒಳ್ಳೆಯ ಉತ್ತರ ಇದು: "ಓದೀನಿ ಅಪ್ಪಾ. ಇದು ಫೋಟೋದಾಗ ಕಂಡದ್ದು ಅಷ್ಟ. ಇದರ ಅರ್ಥ ಏನು ಅಂತ ನಾಳೆ ಡಾಕ್ಟರನ್ನ ಕೇಳೂಣು. ಏನೇನು ಕೇಳಬೇಕು ಅನ್ನೂದು ನಾ ಬರಕೊಂಡು ಬರ್ತೀನಿ." ಆ ರಾತ್ರಿ ಮನೆಯಲ್ಲಿ ಎಲ್ಲರೂ ನಿದ್ದೆ ಮಾಡಬಹುದು.